ಸೂಲಗಿತ್ತಿ ಆರೈಕೆ (ಬೆಳಗಾವಿ ಮತ್ತು ಖಾನಾಪುರ)

ಸೂಲಗಿತ್ತಿ ಆರೈಕೆ ಅಥವಾ ಪ್ರಸೂತಿ ಶುಶ್ರೂಷೆ ಎಂದರೆ ಗರ್ಭ ನಿಂತಂದಿನಿಂದ ಹೆರಿಗೆಯಾಗಿ ಆರು ವಾರ ಕಳೆಯುವವರೆಗೆ ತಾಯಿಗೂ ಮಗುವಿಗೂ ತರಬೇತಿ ಪಡೆದ ಶುಶ್ರೂಷಕಿ ನೀಡುವ ಆರೈಕೆ. ಈ ವಿಷಯದಲ್ಲಿ ಬೆಳಗಾವಿ ಜಿಲ್ಲೆಗೆ ಜಾಗತಿಕ ಮಹತ್ವವಿದೆ. ಹೆರಿಗೆಯ ನಂತರದ ಅತಿ ರಕ್ತಸ್ರಾವವನ್ನು ಹಳ್ಳಿಯ ಶುಶ್ರೂಷಕಿಯೇ ಮಾತ್ರೆಯಿಂದ ಬಹುಮಟ್ಟಿಗೆ ತಡೆಯಬಲ್ಲಳು ಎಂಬುದನ್ನು ಈ ಜಿಲ್ಲೆಯ ಗ್ರಾಮಗಳಲ್ಲಿ ನಡೆದ ಅಧ್ಯಯನವೊಂದು ತೋರಿಸಿಕೊಟ್ಟಿತು.

ಪದ ಮತ್ತು ಪರಂಪರೆ

'ಸೂಲು' ಎಂದರೆ ಹೆರಿಗೆ. ಅದಕ್ಕೆ ಹೂವಾಡಗಿತ್ತಿ, ಬೀಗಗಿತ್ತಿ ಪದಗಳಲ್ಲಿರುವ 'ಗಿತ್ತಿ' ಪ್ರತ್ಯಯ ಸೇರಿ 'ಸೂಲಗಿತ್ತಿ' ಆಗಿದೆ. ಕನ್ನಡ, ಮರಾಠಿ ಎರಡೂ ಬಳಕೆಯಲ್ಲಿರುವ ಖಾನಾಪುರ ತಾಲ್ಲೂಕಿನಲ್ಲಿ ಮರಾಠಿಯ 'ಸುಯಿಣ' ಎಂಬ ಹೆಸರೂ ಉಂಟು. ಸರ್ಕಾರಿ ಉಪಕೇಂದ್ರದ ಶುಶ್ರೂಷಕಿಯನ್ನು ಈ ಭಾಗದ ಜನ 'ನರ್ಸಬಾಯಿ' ಎನ್ನುತ್ತಾರೆ. ಸೂಲಗಿತ್ತಿಯ ವಿದ್ಯೆ ಶಾಲೆಯದಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದದ್ದು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ದೊರೆತಾಗ ಈ ಪರಂಪರೆಗೆ ತಡವಾಗಿಯಾದರೂ ರಾಷ್ಟ್ರಮನ್ನಣೆ ಸಂದಿತು. ಆದರೆ ಎಷ್ಟೇ ಪಳಗಿದ ಕೈಯಾದರೂ ಬರಿಗೈಯಿಂದ ನಿಲ್ಲಿಸಲು ಕಷ್ಟವಾದದ್ದು ಒಂದಿತ್ತು. ಅದೇ ರಕ್ತಸ್ರಾವ.

ದೂರದ ಪ್ರಶ್ನೆ

ಬೆಳಗಾವಿ ನಗರದಲ್ಲಿ ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳು, ರಕ್ತನಿಧಿಗಳು ಇವೆ. ಖಾನಾಪುರ ಪಟ್ಟಣ ಅಲ್ಲಿಂದ ಸುಮಾರು 26 ಕಿ.ಮೀ. ಮಾತ್ರ. ಆದರೆ ತಾಲ್ಲೂಕಿನ ಪಶ್ಚಿಮ ಭಾಗ ಸಹ್ಯಾದ್ರಿಯ ದಟ್ಟ ಕಾಡು. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತ ಮಳೆ ವಿಪರೀತ. ಭೀಮಗಡ ಅಭಯಾರಣ್ಯದ ಒಳಗಿನ ಊರುಗಳಿಗೆ ಮಳೆಗಾಲದಲ್ಲಿ ಹಳ್ಳ ತುಂಬಿದರೆ ವಾಹನ ಬಾರದು, ರೋಗಿಯನ್ನು ಹೊತ್ತು ತರಬೇಕಾಗುತ್ತದೆ. ರಾಜ್ಯದಲ್ಲಿ 2008ರಿಂದ 108 ಆಂಬುಲೆನ್ಸ್ ಸೇವೆಯಿದೆ, ಆದರೆ ಅದು ರಸ್ತೆ ಇರುವವರೆಗೆ ಮಾತ್ರ ಬರಬಲ್ಲದು. ಹೆರಿಗೆಯ ನಂತರ ಗರ್ಭಕೋಶ ಸರಿಯಾಗಿ ಕುಗ್ಗದಿದ್ದರೆ ಕೆಲವೇ ಗಂಟೆಗಳಲ್ಲಿ ತಾಯಿಯ ಪ್ರಾಣ ಹೋಗಬಹುದು. ಆದ್ದರಿಂದ ಆ ಹೊತ್ತಿಗೆ ಪಕ್ಕದಲ್ಲಿ ಯಾರಿದ್ದಾರೆ, ಅವರ ಕೈಯಲ್ಲಿ ಏನಿದೆ ಎಂಬುದು ಇಲ್ಲಿ ನಿರ್ಣಾಯಕ.

ಗರ್ಭಿಣಿಯ ಆರೈಕೆ

ಗರ್ಭಿಣಿಯ ಹೆಸರನ್ನು ಮೊದಲ 12 ವಾರಗಳೊಳಗೆ ನೋಂದಾಯಿಸಿ ತಾಯಿ ಕಾರ್ಡ್ ನೀಡಲಾಗುತ್ತದೆ. ಕನಿಷ್ಠ ನಾಲ್ಕು ತಪಾಸಣೆಗಳಲ್ಲಿ ತೂಕ, ರಕ್ತದೊತ್ತಡ, ಮೂತ್ರ, ಹಿಮೋಗ್ಲೋಬಿನ್ ಹಾಗೂ ಮಗುವಿನ ಬೆಳವಣಿಗೆಯನ್ನು ನೋಡುತ್ತಾರೆ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ಲೆಕ್ಕ. ಇಂಥ ತಾಯಿ ಅಲ್ಪ ರಕ್ತನಷ್ಟವನ್ನೂ ತಾಳಲಾರಳು. ಅದಕ್ಕಾಗಿಯೇ ಗರ್ಭಿಣಿಯರಿಗೆ 180 ದಿನ ಕಬ್ಬಿಣಾಂಶದ ಮಾತ್ರೆ, 2017ರಿಂದ ಮಾತೃಪೂರ್ಣ ಯೋಜನೆಯ ಅಂಗನವಾಡಿ ಊಟ.

ಉತ್ತರ ಕರ್ನಾಟಕದಲ್ಲಿ ಕುಬಸದ ಶಾಸ್ತ್ರ ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸುವುದು ವಾಡಿಕೆ. ಹೀಗಾಗಿ ತಪಾಸಣೆ ಒಂದು ಊರಿನಲ್ಲಿ, ಹೆರಿಗೆ ಇನ್ನೊಂದರಲ್ಲಿ. ಖಾನಾಪುರದಂಥ ಗಡಿ ತಾಲ್ಲೂಕಿನಲ್ಲಿ ತವರು ಮಹಾರಾಷ್ಟ್ರದಲ್ಲೋ ಗೋವೆಯಲ್ಲೋ ಇರಬಹುದು. ಸೀರೆ, ಬಳೆಯ ಗಂಟಿನ ಜೊತೆಗೆ ತಾಯಿ ಕಾರ್ಡ್ ಕೂಡ ಹೋಗದಿದ್ದರೆ ಹೊಸ ಊರಿನ ಶುಶ್ರೂಷಕಿಗೆ ಹಿಂದಿನ ತಪಾಸಣೆಗಳ ವಿವರ ತಿಳಿಯುವುದಿಲ್ಲ.

ಬೆಳಗಾವಿಯ ಮಿಸೊಪ್ರೊಸ್ಟಾಲ್ ಅಧ್ಯಯನ

ರಕ್ತಸ್ರಾವ ತಡೆಯಲು ಮೊದಲ ಆಯ್ಕೆ ಆಕ್ಸಿಟೋಸಿನ್ ಚುಚ್ಚುಮದ್ದು. ಅದನ್ನು ತಂಪಿನಲ್ಲಿಡಬೇಕು, ಚುಚ್ಚಲು ಬಲ್ಲವರೂ ಬೇಕು. ಮಿಸೊಪ್ರೊಸ್ಟಾಲ್ ಮಾತ್ರೆಗೆ ಫ್ರಿಜ್ಜೂ ಬೇಡ, ಸೂಜಿಯೂ ಬೇಡ. ಹಳ್ಳಿಯ ಹೆರಿಗೆಗಳಲ್ಲಿ ಇದು ಫಲಿಸುವುದೇ ಎಂದು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಅಮೆರಿಕದ ತಜ್ಞರೊಡನೆ ಸೇರಿ ಸೆಪ್ಟೆಂಬರ್ 2002ರಿಂದ ಡಿಸೆಂಬರ್ 2005ರವರೆಗೆ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಪರೀಕ್ಷಿಸಿತು. ರಿಚರ್ಡ್ ಡರ್ಮನ್, ಬಿ. ಎಸ್. ಕೊಡಕಣಿ, ಶಿವಪ್ರಸಾದ ಗೌಡರ ಮೊದಲಾದವರು ಸಂಶೋಧಕರು. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆತ್ತ 1,620 ತಾಯಂದಿರಲ್ಲಿ 812 ಮಂದಿಗೆ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್, ಉಳಿದ 808 ಮಂದಿಗೆ ಅದರಂತೆಯೇ ಕಾಣುವ ಔಷಧರಹಿತ ಮಾತ್ರೆ. ಹೆರಿಗೆ ಮಾಡಿಸಿದವರು ವೈದ್ಯರಲ್ಲ, ಸಹಾಯಕ ಶುಶ್ರೂಷಕಿಯರು.

ಫಲಿತಾಂಶ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. 500 ಮಿ.ಲೀ. ಅಥವಾ ಅದಕ್ಕೂ ಹೆಚ್ಚಿನ ರಕ್ತಸ್ರಾವ ಶೇ. 12.0ರಿಂದ ಶೇ. 6.4ಕ್ಕೆ ಇಳಿಯಿತು, ಒಂದು ಲೀಟರು ಮುಟ್ಟುವ ತೀವ್ರ ಸ್ರಾವ ಶೇ. 1.2ರಿಂದ ಶೇ. 0.2ಕ್ಕೆ. 18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬಳಿಗೆ ರಕ್ತಸ್ರಾವ ತಪ್ಪುತ್ತದೆ ಎಂದರ್ಥ. ನಡುಕ ಮತ್ತು ಜ್ವರ ಇದರ ಅಡ್ಡಪರಿಣಾಮಗಳು. ಮಗು ಹೊರಬಂದ ಮೇಲೆ, ಹೊಟ್ಟೆಯಲ್ಲಿ ಇನ್ನೊಂದು ಮಗುವಿಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಮಾತ್ರೆ ಕೊಡಬೇಕು. ಮೊದಲೇ ಕೊಟ್ಟರೆ ಗರ್ಭಕೋಶ ಹರಿಯುವ ಅಪಾಯವಿದೆ.

ಅಷ್ಟಾಗಿ ಯಾರೂ ಹೇಳದ ಇನ್ನೊಂದು ಕೊಡುಗೆಯೆಂದರೆ ರಕ್ತ ಅಳೆಯುವ ಹಾಳೆ. ತಾಯಿಯ ಕೆಳಗೆ ಹಾಸುವ ಈ ಪ್ಲಾಸ್ಟಿಕ್ ಹಾಳೆಯ ತುದಿಯಲ್ಲಿ ಅಳತೆಗೆರೆಗಳಿರುವ ಚೀಲವಿದೆ. ಕಣ್ಣಂದಾಜು ಹಾಳೆಯ ಅಳತೆಗಿಂತ ಶೇ. 33ರಷ್ಟು ಕಡಿಮೆ ಎಂದು ಬೆಳಗಾವಿಯಲ್ಲೇ ನಡೆದ ಹೋಲಿಕೆ ತೋರಿಸಿತು. ಹಿಂದೆ ಎಷ್ಟು ತಾಯಂದಿರ ವಿಷಯದಲ್ಲಿ 'ಪರವಾಗಿಲ್ಲ' ಎಂದು ಸುಮ್ಮನಿದ್ದಿರಬಹುದೆಂದು ಊಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಮಗುವಿನ ಮೊದಲ ಉಸಿರು

ಹುಟ್ಟಿದ ಕೂಡಲೇ ಅಳದ ಮಗುವನ್ನು ಒರೆಸಿ, ಬೆಚ್ಚಗಿಟ್ಟು, ಬೇಕಾದರೆ ಚೀಲ ಮತ್ತು ಮುಖವಾಡದಿಂದ ಉಸಿರೂಡುವ ತರಬೇತಿಯನ್ನು ಜಿಲ್ಲೆಯ 599 ಹೆರಿಗೆ ಸಿಬ್ಬಂದಿಗೆ ಕೊಡಲಾಯಿತು. 2013ರಲ್ಲಿ ಪ್ರಕಟವಾದ ವರದಿಯಂತೆ ನಿರ್ಜೀವ ಜನನ ಶೇ. 3.0ರಿಂದ ಶೇ. 2.3ಕ್ಕೆ ಇಳಿಯಿತು. ನವಜಾತ ಶಿಶು ಮರಣ ಮಾತ್ರ ಇಳಿಯಲಿಲ್ಲ.

ಬಾಣಂತನ

ಎಣ್ಣೆ ನೀರು, ಅಂಟಿನುಂಡಿ, ಅಳವಿ ಪಾಯಸ, ಐದನೆಯ ದಿನದ ಶೆಟಗೆವ್ವನ ಪೂಜೆ ಇವು ಇಲ್ಲಿಯ ಬಾಣಂತನದ ಅಂಗಗಳು. ವಿಶ್ರಾಂತಿ ಮತ್ತು ಪುಷ್ಟಿಯ ಆಹಾರ ಹಿತವೇ. ಬಾಣಂತಿಗೆ ಕುಡಿಯುವ ನೀರು ಕಡಿಮೆ ಮಾಡುವುದು, ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ, ಎಳೆಗೂಸಿಗೆ ಜೇನು ನೆಕ್ಕಿಸುವುದು ಅಪಾಯಕಾರಿ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳವರೆಗೆ ಅದೊಂದೇ ಎಂಬುದು ಈಗಿನ ನಿಯಮ. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರುತ್ತಾಳೆ; ಮನೆಯಲ್ಲೇ ಹೆತ್ತರೆ ಮೊದಲ ದಿನವೂ ಬರಬೇಕು. ಬಟ್ಟೆ ಬೇಗ ತೋಯುವುದು, ಜ್ವರ, ದುರ್ವಾಸನೆಯ ಸ್ರಾವ, ತಲೆನೋವಿನೊಡನೆ ಕಣ್ಣು ಮಂಜಾಗುವುದು, ಮಗು ಹಾಲು ಕುಡಿಯದಿರುವುದು ಕಂಡರೆ ಮುಂದಿನ ಭೇಟಿಗಾಗಿ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.