ನಾಲಿಗೆಗೆ ಸಿಗದ ಫ್ಲೋರೈಡ್

ಬಾದಾಮಿ ಪಕ್ಕದ ಬನಶಂಕರಿಯ ಹರಿದ್ರಾತೀರ್ಥ ಹೊಂಡದ ಸುತ್ತಲಿರುವುದು ಮರಳುಗಲ್ಲಿನ ನಾಡು. ಪೂರ್ವಕ್ಕೆ ಅಮೀನಗಡ, ಹುನಗುಂದ ದಾಟಿ ಇಳಕಲ್ಲಿನತ್ತ ಹೋದರೆ ಕಾಲಡಿಯ ಕಲ್ಲು ಗ್ರಾನೈಟಿಗೆ ತಿರುಗುತ್ತದೆ. ಆ ಕೆಂಪು ಕಲ್ಲು ಹೊಳಪು ಪಡೆದು ಪರದೇಶಕ್ಕೆ ಹೋಗುತ್ತದೆ. ಗ್ರಾನೈಟಿನಲ್ಲಿರುವ ಅಪಟೈಟ್, ಬಯೊಟೈಟ್‌ನಂಥ ಖನಿಜಗಳ ಫ್ಲೋರೈಡ್ ಮಾತ್ರ ಊರ ನೀರಿಗೇ ಇಳಿಯುತ್ತದೆ. ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲವಾದರೆ 1.5ರವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಪ್ರಮಾಣ ಇನ್ನೂ ಏರಿದರೆ ಬೆನ್ನು, ಕೀಲುಗಳು ಬಿಗಿಯುತ್ತವೆ.

ಈ ರೋಗವನ್ನು ಭಾರತದಲ್ಲಿ ವೈದ್ಯರು ಮೊದಲು ವರದಿ ಮಾಡಿದ್ದು 1937ರಲ್ಲಿ, ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಿಂದ. ಆಗ ನಮ್ಮ ಕಡೆ ಜನ ಕುಡಿಯುತ್ತಿದ್ದದ್ದು ಹೆಚ್ಚಾಗಿ ಹಳ್ಳ, ಕೆರೆ, ತೆರೆದ ಬಾವಿಗಳ ನೀರು. ಎಪ್ಪತ್ತು ಎಂಬತ್ತರ ದಶಕದಲ್ಲಿ ಕೊಳವೆಬಾವಿ ಬಂತು. ಸೊಲ್ಲಾಪುರದ ಪಂಪಿನ ಮಾದರಿಯಿಂದ ಬೆಳೆದ ಇಂಡಿಯಾ ಮಾರ್ಕ್-2 ಕೈಪಂಪು ಊರೂರಿಗೆ ನಿಂತಿತು. ಕಾಲರಾ, ನಾರುಹುಣ್ಣಿನ ಭಯ ತಗ್ಗಿಸಿದ್ದು ಅದೇ. ಆದರೆ ಆಳದ ನೀರು ಕಲ್ಲಿನ ಜತೆ ಹೆಚ್ಚು ಕಾಲ ಇರುತ್ತದೆ. ಅಲ್ಲಿ ಕ್ಯಾಲ್ಸಿಯಂ ಸುಣ್ಣವಾಗಿ ಕಲ್ಲಿಗೆ ಅಂಟಿ ಕಡಿಮೆಯಾದಷ್ಟೂ, ಹಿಡಿದಿಡುವವರಿಲ್ಲದೆ ಫ್ಲೋರೈಡ್ ನೀರಿನಲ್ಲೇ ಉಳಿಯುತ್ತದೆ.

ಫ್ಲೋರೈಡ್ ತೆಗೆಯುವ ದೇಶೀ ದಾರಿಯನ್ನು ಎಪ್ಪತ್ತರ ದಶಕದಲ್ಲಿ ತೋರಿಸಿದ್ದು ನಾಗಪುರದ ನೀರಿ ಸಂಸ್ಥೆ. ಸುಣ್ಣ, ಪಟಿಕ, ಬ್ಲೀಚಿಂಗ್ ಪೌಡರ್ ಹಾಕಿ ಕಲಕಿ, ತಳಕ್ಕೆ ಇಳಿಸಿ, ಮೇಲಿನ ತಿಳಿ ಬಸಿದುಕೊಳ್ಳುವ ಈ ವಿಧಾನಕ್ಕೆ ತೆಲಂಗಾಣದ ನಲ್ಗೊಂಡದ ಹೆಸರೇ ಬಿತ್ತು. ಅಗ್ಗ, ಬಕೆಟ್ಟಿನಲ್ಲೂ ಸಾಧ್ಯ. ಆದರೆ ಪಟಿಕ ಎಷ್ಟು ಎಂಬುದು ಆ ನೀರಿನ ಫ್ಲೋರೈಡ್ ಮತ್ತು ಕ್ಷಾರಗುಣ ಎರಡರ ಮೇಲೂ ನಿಂತಿದೆ. ಅಳತೆ ತಪ್ಪಿದರೆ ಅಲ್ಯೂಮಿನಿಯಂ ಉಳಿಯುತ್ತದೆ, ಕೆಸರಂತೂ ದಿನವೂ ಉಳಿಯುತ್ತದೆ.

ಮುಂದಿನದು ಆಕ್ಟಿವೇಟೆಡ್ ಅಲ್ಯೂಮಿನಾ. ಅಮೆರಿಕದಲ್ಲಿ ಮೂವತ್ತರ ದಶಕದಲ್ಲೇ ಪ್ರಯೋಗವಾಗಿದ್ದ ಈ ಹರಳನ್ನು ಯುನಿಸೆಫ್ ತೊಂಬತ್ತರ ದಶಕದಲ್ಲಿ ಆಂಧ್ರ, ರಾಜಸ್ಥಾನಗಳ ಮನೆಗಳಿಗೆ ಫಿಲ್ಟರಾಗಿ ತಂದಿತು. ಹರಳಿನಲ್ಲಿ ಫ್ಲೋರೈಡ್ ತುಂಬಿದ ಮೇಲೆ ಕಾಸ್ಟಿಕ್ ಸೋಡಾ ಮತ್ತು ಆಮ್ಲದಿಂದ ತೊಳೆದು ಮತ್ತೆ ಬಳಸಬೇಕು. ತೊಳೆಯುವವರು ಯಾರು? ಅದೂ ಅಲ್ಲದೆ, ಚೆನ್ನಾಗಿ ಹೀರುವುದು ತುಸು ಆಮ್ಲೀಯ ನೀರಿನಲ್ಲಿ. ಕ್ಷಾರ ಹೆಚ್ಚಿದ್ದರೆ ಬೇಗ ಸೋಲುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಧಾಕರ ರಾವ್ ಮತ್ತು ಸಂಗಡಿಗರು ಮೆಗ್ನೀಸಿಯಂ ಆಕ್ಸೈಡ್ ಹಿಡಿದು ಹೊರಟರು. ಅವರಲ್ಲಿ ನನಗೆ ಮೆಚ್ಚುಗೆಯಾಗುವುದು, ಉಳಿದ ಕೆಸರನ್ನು ಮಣ್ಣಿನ ಇಟ್ಟಿಗೆಯೊಳಗೆ ಸೇರಿಸುವ ಯೋಚನೆಯನ್ನೂ ಮಾಡಿದ್ದು.

ಗೆದ್ದದ್ದು ಪೊರೆಯ ಮೂಲಕ ನೀರು ಸೋಸುವ ಆರ್‌ಒ. ಪಕ್ಕದ ಗದಗಿನ ಎಚ್.ಕೆ. ಪಾಟೀಲರು 2013ರಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾದ ಮೇಲೆ ಶುದ್ಧ ಕುಡಿಯುವ ನೀರಿನ ಘಟಕಗಳು ರಾಜ್ಯದ ತುಂಬ ಎದ್ದವು. ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುತ್ತದೆ. ಜನ ಸಾಲು ನಿಂತದ್ದು ಫ್ಲೋರೈಡಿಗೆ ಹೆದರಿ ಅಲ್ಲ ಎಂಬುದು ನನ್ನ ಅನಿಸಿಕೆ. ಸವಳು ನಾಲಿಗೆಗೆ ತಿಳಿಯುತ್ತದೆ, ಫ್ಲೋರೈಡ್ ತಿಳಿಯುವುದಿಲ್ಲ. ಮೊದಲಿನ ವಿಧಾನಗಳು ನೀರನ್ನು ಸಿಹಿ ಮಾಡಲಿಲ್ಲ, ಆರ್‌ಒ ಮಾಡಿತು. ಆದರೆ ಅದು ಹೊರಬಿಡುವ ಉಳಿಕೆ ನೀರು ಮೊದಲಿಗಿಂತ ಗಟ್ಟಿಯಾಗಿ ಚರಂಡಿ ಸೇರುತ್ತದೆ. ಪೊರೆ ಕೆಟ್ಟು ಬೀಗ ಬಿದ್ದ ಘಟಕಗಳಿಗೂ ಬರವಿಲ್ಲ. ಕ್ಯಾನಿನ ನೀರು ಕುಡಿಯಲಿಕ್ಕೆ. ರೊಟ್ಟಿಹಿಟ್ಟಿಗೆ ಎಸರು, ಬೇಳೆ, ಚಹಾ ಎಲ್ಲ ನಲ್ಲಿಯ ಬೋರ್ ನೀರಿನಲ್ಲೇ ಆದರೆ? ಕುದಿಸಿದರೆ ಫ್ಲೋರೈಡ್ ಹೋಗದು; ನೀರು ಇಂಗಿ ಇನ್ನಷ್ಟು ಸಾಂದ್ರವಾಗುತ್ತದೆ.

ಹೀಗಾಗಿ ಈಗ ಶುದ್ಧೀಕರಣಕ್ಕಿಂತ ಮೂಲವನ್ನೇ ಬದಲಿಸುವ ಮಾತು ಮುಂದಾಗಿದೆ. ಕೃಷ್ಣೆ, ಮಲಪ್ರಭೆಗಳು ಕೂಡುವುದು ಇದೇ ಸೀಮೆಯ ಕೂಡಲಸಂಗಮದಲ್ಲಿ. ನದಿ ನೀರನ್ನು ಎತ್ತಿ ತರುವ ಬಹುಗ್ರಾಮ ಯೋಜನೆಗಳಿಗೆ 2019ರ ಜಲಜೀವನ ಮಿಷನ್ ಬಲ ಕೊಟ್ಟಿತು. ಆದರೆ ಕರೆಂಟು ಹೋದಾಗ, ಪೈಪು ಒಡೆದಾಗ, ನದಿ ಬತ್ತಿದಾಗ ಊರಿನ ಟ್ಯಾಂಕಿಗೆ ಮತ್ತೆ ಬೋರ್ ನೀರೇ ಗತಿ. ಬೆರೆಸುವುದಾದರೂ ಲೆಕ್ಕ ಹಾಕಿಯೇ ಬೆರೆಸಬೇಕು. ಬೋರ್‌ನಲ್ಲಿ 3, ನದಿಯಲ್ಲಿ 0.3 ಮಿಲಿಗ್ರಾಂ ಇದೆ ಎಂದುಕೊಳ್ಳಿ: ಸಮಸಮ ಬೆರೆತರೆ 1.65, ಇನ್ನೂ 1.5ರ ಮಿತಿಯ ಆಚೆಗೇ. ಎರಡು ಪಾಲು ನದಿ, ಒಂದು ಪಾಲು ಬೋರ್ ಆದರೆ 1.2. ಈ ಲೆಕ್ಕ ವಾಲ್ವ್ ತಿರುಗಿಸುವ ನೀರುಗಂಟಿಗೆ ಗೊತ್ತಿರಬೇಕು, ಅವರ ಕೈಯಲ್ಲಿ ಆ ತಿಂಗಳ ಪರೀಕ್ಷೆಯ ಚೀಟಿಯೂ ಇರಬೇಕು.