1 ಮಿ.ಲೀ. ಎಂದರೆ 1 ಗ್ರಾಂ: ಎಣ್ಣೆ, ಜೇನುತುಪ್ಪಕ್ಕೂ ಇದೇ ಲೆಕ್ಕವೇ?

‘ಕೇಕ್ ಮಾಡಲು ಕಪ್ ಬೇಡ, 1 ಮಿ.ಲೀ. ಎಂದರೆ 1 ಗ್ರಾಂ, ಕಣ್ಣುಮುಚ್ಚಿ ತೂಕ ಮಾಡಿ’ ಎನ್ನುವ ಟಿಪ್ಸ್ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಇದು ಪೂರ್ತಿ ಸುಳ್ಳಲ್ಲ. ನೀರಿಗೆ ಸರಿ, ಹಾಲಿಗೆ ಹೆಚ್ಚುಕಡಿಮೆ ಸರಿ. ಎಣ್ಣೆಗೆ ತಪ್ಪು, ಜೇನುತುಪ್ಪಕ್ಕಂತೂ ತುಂಬಾ ತಪ್ಪು.

ನೀರಿಗೆ ಈ ಲೆಕ್ಕ ಹೊಂದುವುದು ಕಾಕತಾಳೀಯವಲ್ಲ. 1795ರಲ್ಲಿ ಫ್ರಾನ್ಸ್ ಮೆಟ್ರಿಕ್ ಪದ್ಧತಿ ತಂದಾಗ ಗ್ರಾಂ ಅನ್ನು ನಿಗದಿ ಮಾಡಿದ್ದೇ ನೀರಿನಿಂದ. ಒಂದು ಘನ ಸೆಂಟಿಮೀಟರ್, ಅಂದರೆ 1 ಮಿ.ಲೀ. ನೀರಿನ ತೂಕವೇ 1 ಗ್ರಾಂ. ಬೇರೆ ದ್ರವಗಳ ಸಾಂದ್ರತೆ ಬೇರೆ.

ನಂಬಿಕೆ ಬರದಿದ್ದರೆ ಮನೆಯಲ್ಲಿರುವ 1 ಲೀಟರ್ ಎಣ್ಣೆ ಪ್ಯಾಕೆಟ್ ತಿರುಗಿಸಿ ನೋಡಿ. ತೂಕ 910 ಗ್ರಾಂ ಆಸುಪಾಸು ಇರುತ್ತದೆ, 1000 ಅಲ್ಲ. ಇದರಲ್ಲೂ ಒಂದು ಆಟ ನಡೆಯುತ್ತಿತ್ತು. ಬಿಸಿಯಾದರೆ ಎಣ್ಣೆ ಹಿಗ್ಗುತ್ತದೆ: 1 ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ ಸುಮಾರು 919 ಗ್ರಾಂ ತೂಗಿದರೆ, 60 ಡಿಗ್ರಿಯಲ್ಲಿ ಸುಮಾರು 893 ಗ್ರಾಂ. ಕೆಲವು ಪ್ಯಾಕೆಟ್‌ಗಳ ಮೇಲೆ ‘60 ಡಿಗ್ರಿಯಲ್ಲಿ 1 ಲೀಟರ್’ ಎಂದು ಅಚ್ಚಾಗುತ್ತಿತ್ತು. ಅಷ್ಟು ಬಿಸಿ ಎಣ್ಣೆಯನ್ನು ಅಂಗಡಿಯಿಂದ ಯಾರು ತರುತ್ತಾರೆ? 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ತಾಪಮಾನ ನಮೂದಿಸದೆ ಅಳತೆಯ ಜೊತೆ ತೂಕವನ್ನೂ ಬರೆಯುವಂತೆ ಕಂಪನಿಗಳಿಗೆ ಸೂಚಿಸಿತು.

ಈಗ ಕೇಕ್ ವಿಷಯ. ರೆಸಿಪಿಯಲ್ಲಿ 240 ಮಿ.ಲೀ. ಜೇನುತುಪ್ಪ ಎಂದಿದ್ದರೆ ಅದರ ತೂಕ ಸುಮಾರು 340 ಗ್ರಾಂ. ಫಾರ್ವರ್ಡ್ ನಂಬಿ 240 ಗ್ರಾಂ ಹಾಕಿದರೆ 100 ಗ್ರಾಂ ಖೋತಾ. ಸಿಹಿ ಮಾತ್ರವಲ್ಲ, ತೇವ ಮತ್ತು ಕಂದು ಬಣ್ಣವೂ ಕಡಿಮೆಯಾಗುತ್ತದೆ. ಎಣ್ಣೆಯದ್ದು ತದ್ವಿರುದ್ಧ: 240 ಗ್ರಾಂ ತೂಗಿದರೆ ಸುಮಾರು 20 ಮಿ.ಲೀ. ಹೆಚ್ಚಿಗೆ ಬೀಳುತ್ತದೆ. ಒಂದು ಕೇಕ್‌ಗೆ ಇದು ದೊಡ್ಡ ವಿಷಯವಲ್ಲ ಬಿಡಿ. ಆದರೆ ಮನೆಯಲ್ಲೇ ಕೇಕ್ ಮಾಡಿ ಮಾರುವವರಿಗೆ ಹತ್ತು ಕೇಕ್‌ಗೆ 200 ಮಿ.ಲೀ. ಎಣ್ಣೆ ವ್ಯರ್ಥ. ಎಗ್‌ಲೆಸ್ ಕೇಕ್‌ಗೆ ಹಾಕುವ ಕಂಡೆನ್ಸ್ಡ್ ಮಿಲ್ಕ್‌ನ 400 ಗ್ರಾಂ ಟಿನ್‌ನಲ್ಲೂ ಇರುವುದು 300 ಮಿ.ಲೀ.ಗಿಂತ ಸ್ವಲ್ಪವೇ ಹೆಚ್ಚು.

‘ನಮ್ಮ ಡಿಜಿಟಲ್ ತಕ್ಕಡಿಯಲ್ಲಿ ಎಂಎಲ್ ಬಟನ್ ಇದೆಯಲ್ಲ?’ ಎಂದು ಕೇಳಬಹುದು. ತಕ್ಕಡಿಗೆ ಗೊತ್ತಾಗುವುದು ತೂಕ ಮಾತ್ರ. ಆ ಬಟನ್ ಸಾಮಾನ್ಯವಾಗಿ ಪಾತ್ರೆಯಲ್ಲಿರುವುದು ನೀರು ಎಂದುಕೊಂಡು ಲೆಕ್ಕ ಹಾಕುತ್ತದೆ (ಕೆಲವದರಲ್ಲಿ ಹಾಲಿಗೂ ಪ್ರತ್ಯೇಕ ಆಯ್ಕೆ ಇರುತ್ತದೆ). ಎಣ್ಣೆ, ಜೇನುತುಪ್ಪ ಅಳೆಯುವಾಗ ಗ್ರಾಂನಲ್ಲೇ ಇಡಿ.

ಮಿ.ಲೀ. ಅನ್ನು ಗ್ರಾಂ ಮಾಡಲು ಹಾಲಾದರೆ 1.03, ಎಣ್ಣೆಯಾದರೆ 0.92, ಕಂಡೆನ್ಸ್ಡ್ ಮಿಲ್ಕ್ ಆದರೆ 1.3, ಜೇನುತುಪ್ಪವಾದರೆ 1.4ರಿಂದ ಗುಣಿಸಿ. ಕಪ್ ಎಂದಷ್ಟೇ ಬರೆದಿದ್ದರೆ ಎಷ್ಟು ಮಿ.ಲೀ. ಕಪ್ ಎಂದು ಮೊದಲು ನೋಡಿ. ಅಮೆರಿಕದ್ದು ಸುಮಾರು 237, ಮೆಟ್ರಿಕ್ ಕಪ್ 250. ಪಟ್ಟಿಯಲ್ಲಿಲ್ಲದ ದ್ರವವಾದರೆ ಒಂದೇ ಲೋಟದಲ್ಲಿ ಮೊದಲು ನೀರು, ಒರೆಸಿದ ಮೇಲೆ ಆ ದ್ರವ ತುಂಬಿ ತೂಗಿ. ಎರಡು ಸಲವೂ ಲೋಟದ ತೂಕ ಕಳೆಯಿರಿ. ದ್ರವದ ತೂಕವನ್ನು ನೀರಿನ ತೂಕದಿಂದ ಭಾಗಿಸಿದರೆ ಗುಣಿಸಬೇಕಾದ ಸಂಖ್ಯೆ ಸಿಗುತ್ತದೆ.