ಗಾಳಿ ಸೋಸುವ ನಾರಿಗೆ ವಿದ್ಯುದಾವೇಶ

ಬಟ್ಟೆಯ ನಾರುಗಳಲ್ಲಿ ಸ್ಥಿರ ವಿದ್ಯುತ್ತನ್ನು ತುಂಬಿ, ಹಾದುಹೋಗುವ ಗಾಳಿಯಲ್ಲಿನ ಧೂಳನ್ನು ಅವು ಸೆಳೆದು ಹಿಡಿಯುವಂತೆ ಮಾಡುವ ತಂತ್ರವಿದು. ಆವೇಶವನ್ನು ಬಹುಕಾಲ ಉಳಿಸಿಕೊಳ್ಳುವ ವಸ್ತುವಿಗೆ ಎಲೆಕ್ಟ್ರೆಟ್ ಎಂದು ಹೆಸರು. ಎನ್‌95 ಮಾಸ್ಕ್ ಮತ್ತು ಹಲವು ಏರ್ ಪ್ಯೂರಿಫೈಯರ್‌ಗಳು ಕೆಲಸ ಮಾಡುವುದು ಇದರ ಬಲದಿಂದಲೇ.

ನಾರು ಧೂಳನ್ನು ಹಿಡಿಯುವ ಬಗೆ

ನಾರುಗಳ ನಡುವಿನ ಸಂದು ಸಾಮಾನ್ಯವಾಗಿ ಧೂಳಿನ ಕಣಕ್ಕಿಂತ ದೊಡ್ಡದು. ಒಂದು ಮೈಕ್ರಾನ್‌ಗಿಂತ ದಪ್ಪ ಕಣಗಳು ಗಾಳಿಯೊಡನೆ ತಿರುಗಲಾರದೆ ನಾರಿಗೆ ಬಡಿಯುತ್ತವೆ. 0.1 ಮೈಕ್ರಾನ್‌ಗಿಂತ ಸಣ್ಣವು ಗಾಳಿಯ ಅಣುಗಳ ಹೊಡೆತಕ್ಕೆ ಅಡ್ಡಾದಿಡ್ಡಿ ಅಲೆದು ನಾರಿಗೆ ತಗಲುತ್ತವೆ. ನುಸುಳುವುದರಲ್ಲಿ ನಿಸ್ಸೀಮರೆಂದರೆ ಇವೆರಡರ ನಡುವಿನ, 0.3 ಮೈಕ್ರಾನ್ ಆಸುಪಾಸಿನ ಕಣಗಳು. ನಾರನ್ನು ಒತ್ತೊತ್ತಾಗಿ ಹಾಸಿದರೆ ಅವೂ ಸಿಗುತ್ತವೆ. ಆದರೆ ಉಸಿರು ಕಟ್ಟುತ್ತದೆ. ನಾರಿನಲ್ಲಿ ಆವೇಶವಿದ್ದರೆ ಸಡಿಲ ಹಾಸೇ ಸಾಕು. ತಲೆಗೂದಲಿಗೆ ಉಜ್ಜಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುವಂತೆ, ಆವೇಶವಿಲ್ಲದ ಕಣವನ್ನೂ ಅದು ತನ್ನತ್ತ ಎಳೆದುಕೊಳ್ಳುತ್ತದೆ.

ಆವೇಶ ತುಂಬುವ ವಿಧಾನಗಳು

ಘರ್ಷಣೆ ಹಳೆಯ ದಾರಿ. 1930ರ ಸುಮಾರಿಗೆ ಬಂದ ಹ್ಯಾನ್ಸನ್ ಫಿಲ್ಟರ್‌ನಲ್ಲಿ ಉಣ್ಣೆಗೆ ರಾಳದ ಪುಡಿ ಬೆರೆಸಿ ಹಿಂಜುತ್ತಿದ್ದರು. ಉಜ್ಜಾಟದಿಂದ ಎರಡರಲ್ಲೂ ವಿರುದ್ಧ ಆವೇಶ ಮೂಡುತ್ತಿತ್ತು. ಇಂದಿನ ಮಾಸ್ಕ್‌ಗಳಿಗೆ ಕರಗಿಸಿದ ಪಾಲಿಪ್ರೊಪಿಲೀನನ್ನು ಬಿಸಿಗಾಳಿಯ ರಭಸದಲ್ಲಿ ಕೆಲವೇ ಮೈಕ್ರಾನ್ ದಪ್ಪದ ಎಳೆಗಳಾಗಿಸಿ ಹಾಸುತ್ತಾರೆ. ಆಮೇಲೆ ಅಧಿಕ ವೋಲ್ಟೇಜಿನ ಕರೋನಾ ವಿಸರ್ಜನೆಯಿಂದಲೋ (ಚೂಪು ಮೊನೆ ಅಥವಾ ತಂತಿಯ ಸುತ್ತಲಿನ ಗಾಳಿಯಲ್ಲಿ ವಿದ್ಯುತ್ ಹರಿಸುವುದು) ನೀರಿನ ಚಿಮ್ಮುಧಾರೆಯಿಂದಲೋ ಆವೇಶ ತುಂಬುತ್ತಾರೆ. ಕರೋನಾ ವಿಧಾನವನ್ನು ಈ ಎಳೆಗಳಿಗೆ ಒಗ್ಗಿಸಿದವರಲ್ಲಿ ಅಮೆರಿಕದ ಟೆನ್ನೆಸ್ಸೀ ವಿಶ್ವವಿದ್ಯಾಲಯದ ಪೀಟರ್ ತ್ಸಾಯ್ ಪ್ರಮುಖರು.

ಬೆಂಗಳೂರಿನ ಟ್ರೈಬೋಇ ಮಾಸ್ಕ್

ಕೋವಿಡ್ ಹರಡಿದ 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸೆಂಟರ್ ಫಾರ್ ನ್ಯಾನೋ ಅಂಡ್ ಸಾಫ್ಟ್ ಮ್ಯಾಟರ್ ಸೈನ್ಸಸ್ ಸಂಸ್ಥೆ ಘರ್ಷಣೆಯ ತತ್ವಕ್ಕೇ ಮರಳಿತು. ಪ್ರಳಯ್ ಸಾಂತ್ರಾ, ಅಶುತೋಷ್ ಸಿಂಗ್ ಮತ್ತು ಗಿರಿಧರ ಯು. ಕುಲಕರ್ಣಿ ರೂಪಿಸಿದ ಟ್ರೈಬೋಇ ಮಾಸ್ಕ್‌ಗೆ ಮೂರು ಪದರ: ಹೊರಗಿನೆರಡೂ ಪದರ ಕೈಚೀಲಗಳಿಗೆ ಬಳಸುವ ಪಾಲಿಪ್ರೊಪಿಲೀನ್, ನಡುವೆ ನೈಲಾನ್. ಪದರಗಳನ್ನು ಪರಸ್ಪರ ಉಜ್ಜಿದಾಗ ಹೊರಪದರಗಳು ಋಣ, ನೈಲಾನ್ ಧನ ಆವೇಶ ಪಡೆಯುತ್ತವೆ. ನೈಲಾನ್ ಬದಲು ಹಳೆಯ ರೇಷ್ಮೆ ಸೀರೆಯ ತುಂಡೂ ಆದೀತು. ಒಗೆದು ಮತ್ತೆ ಬಳಸಬಹುದಾದ ಇದು ಆರೋಗ್ಯವಂತ ಜನಸಾಮಾನ್ಯರಿಗಾಗಿ ರೂಪಿಸಿದ್ದು. ರೋಗಿಗಳಿಗೂ ವೈದ್ಯಕೀಯ ಸಿಬ್ಬಂದಿಗೂ ಅಲ್ಲ.

ಬಳಸುವವರಿಗೆ

ಬೆಂಗಳೂರಿನ ಅನ್ನಪೂರ್ಣೇಶ್ವರಿ ನಗರದಿಂದ ಮಾಗಡಿ ರಸ್ತೆ, ಹೊರವರ್ತುಲ ರಸ್ತೆ ಹಿಡಿದು ಪೀಣ್ಯದತ್ತ ಹೋಗುವ ಬೈಕ್ ಸವಾರರು ಹೊಗೆ ಧೂಳಿಗೆ ಅಂಜಿ ಎನ್‌95 ಹಾಕಿಕೊಳ್ಳುವುದಾದರೆ ಇಷ್ಟು ನೆನಪಿರಲಿ. ಮಾಸ್ಕನ್ನು ಸೋಪು ಹಾಕಿ ಒಗೆಯಬಾರದು, ಸ್ಯಾನಿಟೈಸರ್ ಸಿಂಪಡಿಸಲೂಬಾರದು. ಸೋಪು ಮತ್ತು ಆಲ್ಕೋಹಾಲ್ ನಾರಿನ ಆವೇಶವನ್ನು ಅಳಿಸುತ್ತವೆ. ಎಣ್ಣೆಯ ಹಬೆಯೂ ಹಾಗೆಯೇ. ಎನ್ ಅಕ್ಷರ ಸೂಚಿಸುವುದೇ ಎಣ್ಣೆ ತಡೆಯದು ಎಂಬುದನ್ನು. ಒಗೆದ ಎನ್‌95 ನೋಡಲು ಹೊಸದರಂತೆಯೇ ಇರುತ್ತದೆ, ಸೋಸುವ ಶಕ್ತಿ ಮಾತ್ರ ಕುಂದಿರುತ್ತದೆ. ಕೊಳೆಯಾದರೆ ಬದಲಿಸುವುದೊಂದೇ ದಾರಿ.